ಹಂಪೆಯ ಗಜಶಾಲೆಯ ಕಟ್ಟಡವಿಧಾನ

ಹಂಪೆಯಲ್ಲಿ ರಾಣೀವಾಸವೆಂದು ಹೆಸರಾದ ಪ್ರಾಕಾರದ ಹೊರಗೆ, ಪೂರ್ವದಿಕ್ಕಿನಲ್ಲಿ, ಹನ್ನೊಂದು ಕೊಠಡಿಗಳ ನೀಳವಾದ ಕಟ್ಟಡವೊಂದಿರುವುದಷ್ಟೆ. ಜನರು ಇದನ್ನು ಆನೆಲಾಯವೆನ್ನುವರು. ಲಾಯವೆಂಬುದು ಕುದುರೆಗಳಿಗೆ ರೂಢವಾದ ಮಾತಾದುದರಿಂದ ಗಜಶಾಲೆಯೆನ್ನುವುದೇ ಮೇಲು. ಸಮೀಪದ ಕಮಲಮಹಲನ್ನು ವರ್ಣಿಸಿದವರು ಅನೇಕರು. ಕೆಲಸಕ್ಕೆಂದು ಕಟ್ಟಿದ ಈ ಶಾಲೆಯ ರೂಪಕ್ಕೆ ಕಾರಣವನ್ನು ವಿಚಾರಿಸಿದವರು ಕಡಮೆ.

ಕಮಾನು ಗುಮ್ಮಟಗಳನ್ನು ಕಂಡೊಡನೆ ‘ಇದು ಮುಸಲ್ಮಾನ ಶೈಲಿ’ ಎಂದು ಹೇಳಿ ಮುಗಿಸುವುದು ವಾಡಿಕೆ. ಈ ಪದ್ಧತಿ ಬಹಮನೀ ರಾಜ್ಯದ ಕಡೆಯಿಂದ ಬಂದುದು ನಿಜವೇ. ಆದರೆ ಅಷ್ಟರಿಂದ ಪ್ರಶ್ನೆ ತೀರದು. ಇದೇ ಪಟ್ಟಣದಲ್ಲಿ ದೇವರಾಯನ ಸೇವಕನಾದ ಅಹಮದಖಾನನು ಕ್ರಿ. ಶ. 1439ರಲ್ಲಿ ಕಟ್ಟಿಸಿದ ಮಸೀದಿಯನ್ನು ನೋಡಿರಿ. ಶಾಸನದಲ್ಲಿ ಅದಕ್ಕೆ ಧರ್ಮಶಾಲೆಯೆಂದು ಹೆಸರು. ಕಂಬ, ತೊಲೆ, ಚಪ್ಪಡಿಗಳಿಂದ ಅದು ನಮ್ಮ ಮಂಟಪಗಳಂತೆಯೇ ನಿಂತಿದೆ. ಮುಸಲ್ಮಾನನ ಮಸೀದಿಗೆ ಕಂಬ, ಹಿಂದೂ ರಾಯನ ಆನೆಗಳಿಗೆ ಗುಮ್ಮಟ! ಆದುದರಿಂದ ಮತಭೇದವನ್ನು ಬಿಟ್ಟು ಉಪಯೋಗವನ್ನು ನೋಡಬೇಕು.

ಕಲ್ಲು ಭಾರವನ್ನು ಹೊರುವುದರಲ್ಲಿ ಗಟ್ಟಿ, ಬಾಗುವುದರಲ್ಲಿ ದುರ್ಬಲ. ಚಪ್ಪಡಿಯ ನೀಳ ಹೆಚ್ಚಿದಂತೆ ಅದು ನಡುವೆ ಬಿರಿಯುವ ಭಯವೂ ಹೆಚ್ಚುವುದು. ಅದಕ್ಕಾಗಿಯೇ ದೇವಾಲಯದ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿರುವುವು. ಭಕ್ತರಿಗೆ ಅದರಿಂದ ಅಡ್ಡಿಯಿಲ್ಲ. ಆನೆಯು ಕಂಬಗಳ ನಡುವೆ ಮೈ ತಿರುಗಿಸುವುದೆಂತು? ಮದವೇರಿದರೆ ಕಂಬದ ಗತಿಯೇನು? ಇಲ್ಲಿ ಬೇಕಾದುದು ಕಂಬವಿಲ್ಲದ ಚೌಕ, ಅದರ ಮೇಲೊಂದು ಎತ್ತರವಾದ ಛಾವಣಿ, ಮುಂದೆ ಅಗಲವಾದ ಬಾಯಿ. ಚಿಕ್ಕ ಚಿಕ್ಕ ಇಟ್ಟಿಗೆ ಕಲ್ಲುಗಳನ್ನು ಸುಣ್ಣದ ಗಾರೆಯಿಂದ ಬೆಸೆದು ಕಮಾನು ತಿರುಗಿಸಿದರೆ ಈ ಮೂರೂ ದೊರೆಯುವುವು. ಕಮಾನು ತನ್ನ ಭಾರವನ್ನು ಪಕ್ಕಕ್ಕೆ ದೂಡುವುದೊಂದು ದೋಷ. ಅದಕ್ಕೆ ದಪ್ಪಗೋಡೆ ಒಂದು ಪರಿಹಾರ. ಕೊಠಡಿಗಳನ್ನು ಸಾಲಾಗಿ ಜೋಡಿಸಿರುವುದು ಇನ್ನೊಂದು, ಏಕೆಂದರೆ ನೆರೆಯ ಕಮಾನುಗಳ ಒತ್ತಡಗಳು ಒಂದನ್ನೊಂದು ತಡೆಯುವುವು. ಮಾವುತರ ಓಡಾಟಕ್ಕೆ ಬೇರೆ ಚಿಕ್ಕ ಬಾಗಿಲುಗಳುಂಟು.

ಇಷ್ಟೂ ಪ್ರಯೋಜನದ ಮಾತು. ಶಿಲ್ಪಿಯು ಇಷ್ಟಕ್ಕೆ ತೃಪ್ತನಾಗಲಿಲ್ಲ. ನಡುವಣ ಕೊಠಡಿಯ ಮೇಲೆ ಗುಮ್ಮಟಕ್ಕೆ ಬದಲಾಗಿ ಒಂದು ಉಪ್ಪರಿಗೆಯನ್ನೆತ್ತಿದನು. ಈಗ ಅದು ಭಗ್ನವಾಗಿದೆ. ಅದರ ಎಡಬಲಗಳಲ್ಲಿ ಐದೈದು ಶಿಖರಗಳು. ನಯವಾದ ಗುಂಡು ಗುಮ್ಮಟವೊಂದು, ಪಟ್ಟೆಪಟ್ಟೆಯಾದುದೊಂದು, ಏಣುಗಳುಳ್ಳುದು ಮತ್ತೊಂದು. ಆದರೂ ಎಡದ ರೂಪಕ್ಕೆ ಬಲದಲ್ಲಿ ಸರಿಜೋಡಿಯಿದೆ. ಪಶುಶಾಲೆಯೊಂದಕ್ಕೆ ಇಷ್ಟು ಶ್ರದ್ಧೆ ವಹಿಸಿದುದನ್ನು ಕಂಡರೆ ರಾಯರ ಆನೆಗಳ ಗೌರವವೆಷ್ಟೆಂಬುದು ತಿಳಿಯುತ್ತದೆ.

ಇನ್ನು ಶಾಸ್ತ್ರದ ಮಾತು. 1909ರಲ್ಲಿ ಮೈಸೂರಿನಲ್ಲಿ ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹಸ್ತ್ಯಧ್ಯಕ್ಷನ ಪ್ರಕರಣವಿದೆ. ಶಾಲೆಯ ಎತ್ತರವೂ ಅಗಲವೂ ಆನೆಯ ಉದ್ದದ ಇಮ್ಮಡಿಯಿರಬೇಕು, ಮುಖವು ಪೂರ್ವಕ್ಕೋ ಉತ್ತರಕ್ಕೋ ಇರಬೇಕು ಎಂಬುದು ಅಲ್ಲಿಯ ವಿಧಿ. ಹಂಪೆಯ ಶಾಲೆಯ ಮುಖವಿರುವುದು ಪಶ್ಚಿಮಕ್ಕೆ. ಎದುರಿಗೆ ವಿಶಾಲವಾದ ಬಯಲು, ಅದರಾಚೆ ಅರಮನೆಯ ಪ್ರಾಕಾರ. ಆನೆಗಳು ಸಾಲಾಗಿ ಹೊರಬಂದು ನಿಲ್ಲುವುದು ರಾಯನ ಕಣ್ಣಿಗೆ ಬೀಳಲೆಂದೇ ಶಾಸ್ತ್ರವನ್ನು ಇಲ್ಲಿ ಸಡಿಲಿಸಿರಬೇಕೆಂದು ನನ್ನ ಊಹೆ.

1443ರಲ್ಲಿ ಇಲ್ಲಿಗೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನೂ ಆನೆಗಳ ಮನೆಗಳನ್ನು ವರ್ಣಿಸಿರುವನು. ಒಂದೊಂದಕ್ಕೂ ಬೇರೆ ಕೊಠಡಿ, ಬಲವಾದ ಗೋಡೆ, ಮೇಲೆ ಮರದ ಛಾವಣಿ. ಕೊರಳು ಬೆನ್ನುಗಳ ಸರಪಣಿಗಳನ್ನು ಮೇಲಣ ತೊಲೆಗೆ ಬಿಗಿಯುವರೆಂದು ಅವನ ಮಾತು. ಈ ವರ್ಣನೆಯನ್ನು ನಮ್ಮ ಕಟ್ಟಡಕ್ಕೆ ಅನ್ವಯಿಸುವ ವಾಡಿಕೆಯುಂಟು. ಅದು ಸಲ್ಲದು. ಗಾರೆಯ ಗುಮ್ಮಟದಲ್ಲಿ ಅಂಥ ತೊಲೆಗೆ ಎಡೆಯಿಲ್ಲ. ಅವನು ಕಂಡುದು ಬೇರೊಂದು ಶಾಲೆ. ಮರದ್ದಾದುದರಿಂದ ಅದು ಉಳಿದಿಲ್ಲ.