ತುಕ್ಕು ತಿಂದ ಬಂಡಿಯ ಜೀರ್ಣೋದ್ಧಾರ

ಹಳೆಯ ದೇವಾಲಯವನ್ನು ಜೀರ್ಣೋದ್ಧಾರ ಮಾಡಹೊರಟವರು ಗೋಪುರಕ್ಕೆ ಬಣ್ಣ ಬಳಿಯುವುದಕ್ಕೆ ಮುಂಚೆ ತಳಪಾಯವನ್ನು ಪರೀಕ್ಷಿಸುವರಷ್ಟೆ. ಈ ನ್ಯಾಯವು ಹಳೆಯ ಮೋಟಾರು ಬಂಡಿಗೂ ಸಲ್ಲತಕ್ಕುದೆಂಬುದನ್ನು ವಾಚಕರಲ್ಲಿ ಅರಿಕೆ ಮಾಡಬೇಕೆಂದಿರುವೆವು.

ಇಂಗ್ಲೆಂಡಿನಲ್ಲಿ ಅನೇಕ ಗೃಹಸ್ಥರು ಮನೆಯ ಪಕ್ಕದ ಬಂಡಿಮನೆಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಬಿಚ್ಚಿಟ್ಟುಕೊಂಡು, ವಿರಾಮದ ವೇಳೆಯನ್ನೆಲ್ಲ ಅದಕ್ಕೆ ಸಲ್ಲಿಸುವುದುಂಟು. ಅಂಥ ಬಂಡಿಗಳಲ್ಲಿ ಬಹು ಪ್ರಸಿದ್ಧವಾದುದು ಎಂ. ಜಿ. ಬಿ. ಎಂಬುದು. ಆಕ್ಸ್‌ಫರ್ಡಿಗೆ ಸಮೀಪದ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರ ವರೆಗೆ ಇಂಥ ಬಂಡಿಗಳು ಐದು ಲಕ್ಷಕ್ಕೂ ಮಿಕ್ಕು ತಯಾರಾದುವು. ಇದರ 1798 ಸಿ. ಸಿ. ಎಂಜಿನ್ನು ಸರಳವಾದುದು, ತಾಳ್ಮೆಯುಳ್ಳವನು ಮನೆಯಲ್ಲಿಯೇ ಅದನ್ನು ಬಿಚ್ಚಿ ಜೋಡಿಸಬಲ್ಲನು. ಬಂಡಿಯ ವೈರಿಯು ಎಂಜಿನ್ನಿನಲ್ಲಿಲ್ಲ, ಒಡಲಿನಲ್ಲಿದೆ.

ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿನ ಆಮ್ಲಜನಕವೂ ಒಟ್ಟಿಗೆ ದೊರೆತಲ್ಲಿ ತುಕ್ಕು ಹುಟ್ಟುವುದು. ಉಪ್ಪು ಸೇರಿದರೆ ಇನ್ನೂ ಬೇಗನೆ ಹಬ್ಬುವುದು. ಆ ದೇಶದಲ್ಲಿ ಚಳಿಗಾಲದ ಮಂಜುಗಡ್ಡೆಯನ್ನು ಕರಗಿಸಲು ರಸ್ತೆಗಳಿಗೆ ಉಪ್ಪನ್ನೇ ಚೆಲ್ಲುತ್ತಾರೆ. ಚಕ್ರಗಳು ಎರಚಿದ ಉಪ್ಪುಕೆಸರು ಒಳಸಂದುಗಳಲ್ಲಿ ಕುಳಿತು, ಹೊರಗಣ ಬಣ್ಣವು ಹೊಳೆಯುತ್ತಿರುವಾಗಲೇ ಒಳಗಿನ ತಗಡನ್ನು ತಿಂದುಬಿಡುವುದು.

ಈ ಬಂಡಿಗೆ ಪ್ರತ್ಯೇಕವಾದ ಚೌಕಟ್ಟಿಲ್ಲ; ತಗಡಿನ ಒಡಲೇ ಎಲ್ಲ ಭಾರವನ್ನೂ ಹೊರುತ್ತದೆ. ಮೇಲ್ಚಾವಣಿಯಿಲ್ಲದ ಮಾದರಿಯಲ್ಲಂತೂ ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೂ ಹಾಯ್ದಿರುವ ಪೆಟ್ಟಿಗೆಯಾಕಾರದ ತೊಲೆಗಳೇ ಮುಖ್ಯಾಧಾರ. ಇವು ಕೊಳೆತರೆ ಬಂಡಿಯ ನಡು ಬಗ್ಗುತ್ತದೆ. ಹೀಗಿದ್ದರೂ ಕೆಲವರು ಆ ರಂಧ್ರಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹಾಕಿ ಮಾರುವುದುಂಟು. ಬಹುಕಾಲ ಪಾಠ ಹೇಳಿದ ನಮಗೆ ಈ ವಿದ್ಯೆ ಅಪರಿಚಿತವಲ್ಲ. ಲೆಕ್ಕದ ನಡುವಣ ಹಂತಗಳೆಲ್ಲ ತಪ್ಪಿದ್ದರೂ ಕೊನೆಯ ಉತ್ತರವನ್ನು ಮಾತ್ರ ಪಕ್ಕದವನ ಸ್ಲೇಟು ನೋಡಿ ತಿದ್ದಿಕೊಳ್ಳುತ್ತಿದ್ದ ಹುಡುಗರನ್ನು ನಾವು ಕಂಡಿರುವೆವು. ಅಲ್ಲಿ ಹೋಗುತ್ತಿದ್ದುದು ಅಂಕ. ಇಲ್ಲಿ ಅಪಘಾತವಾದರೆ ಹೋಗುವುದು ಪ್ರಾಣ.

ಆದುದರಿಂದ ಮೊದಲು ಪರೀಕ್ಷೆ. ಹೊಸ್ತಿಲ ತೊಲೆ, ಚಕ್ರದ ಕಮಾನು, ನೆಲದ ತಗಡು, ಆಸನಗಳ ಹಿಂದಿರುವ ಬ್ಯಾಟರಿಯ ಗೂಡು, ಇವನ್ನೆಲ್ಲ ತಿರುಪುಳಿಯ ಹಿಡಿಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹವು ಖಣಿಲೆನ್ನುವುದು. ಪುಟ್ಟಿಯು ಮಂಕಾಗಿ ಸದ್ದು ಮಾಡುವುದು. ಅಯಸ್ಕಾಂತವೂ ದಪ್ಪ ಪುಟ್ಟಿಯ ಮೇಲೆ ಹಿಡಿಯಲಾರದು.

ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವ ಕೆಲಸವನ್ನು ಬೆಸುಗೆ ಬಲ್ಲವರೇ ಮಾಡತಕ್ಕದ್ದು. ಬ್ಯಾಟರಿಯ ಸಂಬಂಧವನ್ನು ತಪ್ಪಿಸಿ, ಪೆಟ್ರೋಲಿನ ತೊಟ್ಟಿಯನ್ನು ಬಂಡಿಯಿಂದ ದೂರ ಒಯ್ದ ಮೇಲೆಯೇ ಕಿಡಿಯ ಕೆಲಸ. ಬರಿದಾದ ತೊಟ್ಟಿಯೆಂದು ಅಲಕ್ಷ್ಯ ಕೂಡದು. ಉಳಿದ ಆವಿಯೇ ಸಿಡಿಯಬಹುದು. ಜಾಕಿನ ಮೇಲೆ ಮಾತ್ರ ನಿಂತಿರುವ ಬಂಡಿಯ ಕೆಳಗೆ ಎಂದಿಗೂ ನುಸುಳಬಾರದು. ಒಡಲಿಗೆ ಸಮವಾದ ಆಧಾರಗಳನ್ನು ಕೊಟ್ಟು, ಬಾಗಿಲ ತೆರಪಿಗೆ ಅಡ್ಡಲಾಗಿ ಉಕ್ಕಿನ ಸರಳನ್ನು ಬಿಗಿದು, ಒಮ್ಮೆಗೆ ಒಂದೇ ಪಕ್ಕದ ತೊಲೆಯನ್ನು ಕತ್ತರಿಸತಕ್ಕದ್ದು. ಕೊನೆಯ ಬೆಸುಗೆಗೆ ಮುಂಚೆ ಸರಳನ್ನು ತೆಗೆದು ಬಾಗಿಲನ್ನು ತೂಗುಹಾಕಿ, ಸುತ್ತಣ ಸಂದು ಸಮವಾಗಿದೆಯೇ ಎಂದು ನೋಡಬೇಕು. ಇದನ್ನು ಮರೆತವನ ಬಂಡಿಯು ಬಗ್ಗಿದ ರೂಪದಲ್ಲಿಯೇ ಸ್ಥಿರವಾಗಿ, ಬಾಗಿಲು ಮುಂದೆಂದೂ ಸರಿಯಾಗಿ ಮುಚ್ಚುವುದಿಲ್ಲ. ಕೆಲಸ ಮುಗಿದ ಬಳಿಕ ತೊಲೆಯ ಒಳಗೆ ಮೇಣದ ದ್ರವವನ್ನು ಸಿಂಪಡಿಸಿ, ನೀರು ಹರಿಯುವ ರಂಧ್ರಗಳನ್ನು ತೆರೆದಿಡತಕ್ಕದ್ದು.

ಬಹುಕಾಲ ನಿಂತ ಎಂಜಿನ್ನನ್ನು ಒಡನೆಯೇ ಚಾಲೂ ಮಾಡಬಾರದು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಿಲಿಂಡರುಗಳಿಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನಗಳ ಬಳಿಕ ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಬ್ರೇಕಿನ ರಬ್ಬರು ನಳಿಗೆಗಳನ್ನೂ ದ್ರವವನ್ನೂ ಬದಲಾಯಿಸದೆ ಬಂಡಿಯನ್ನು ಬೀದಿಗಿಳಿಸುವುದು ಸಲ್ಲದು.

ಇಲ್ಲೊಂದು ಶಂಕೆ ಏಳಬಹುದು. ಆಬಿಂಗ್ಡನ್ನಿನ ಕಾರ್ಖಾನೆಯು 1980ರಲ್ಲಿ ಮುಚ್ಚಿತು. ಆದರೆ 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯು ಮೂಲದ ಅಚ್ಚುಗಳನ್ನು ಹುಡುಕಿ ತಂದು, ಈ ಬಂಡಿಗೆ ಇಡಿಯ ಹೊಸ ಒಡಲನ್ನೇ ಮಾಡಿಕೊಡಲಾರಂಭಿಸಿತು. ಎಲ್ಲವನ್ನೂ ಹೊಸದಾಗಿ ಹಾಕಿದ ಮೇಲೆ ಅದು ಆ ಹಳೆಯ ಬಂಡಿಯೇ ಹೌದೆ? ಹಾಳಾದ ಕಲ್ಲನ್ನು ತೆಗೆದು ಹೊಸ ಕಲ್ಲನ್ನಿಟ್ಟರೂ ದೇಗುಲವು ಅದೇ ದೇಗುಲವೆಂದು ನಾವು ಕೈಮುಗಿಯುವೆವಲ್ಲವೆ? ಆದರೂ ಗಟ್ಟಿಯಾಗಿ ಉಳಿದುದನ್ನು ಸುಮ್ಮನೆ ಕಿತ್ತೆಸೆಯುವುದು ಉದ್ಧಾರವಲ್ಲ. ಕೆಟ್ಟುದನ್ನು ಮುಚ್ಚಿಡದಿರುವುದೂ, ಕೆಡದುದನ್ನು ಕಳೆಯದಿರುವುದೂ ಈ ಕೆಲಸದ ಧರ್ಮವೆಂದು ನಮ್ಮ ಅಭಿಪ್ರಾಯ. ಇಷ್ಟನ್ನು ಪಾಲಿಸಿ ಕೆಲಸ ಮಾಡಿದವನು ಒಂದು ದಿನ ಆ ಬಂಡಿಯಲ್ಲಿ ಮಡದಿಯನ್ನು ಕೂರಿಸಿಕೊಂಡು ನಿಶ್ಚಿಂತೆಯಿಂದ ಹೊರಡಬಹುದು.