ಒಂದು ವರ್ಷದ ಬದುಕಿಗೆ ಎಷ್ಟು ಪೌಂಡ್?



ಕೆಲಸದ ವೀಸಾದ ಮೇಲೆ ಇಲ್ಲಿರುವ ನಮ್ಮಲ್ಲಿ ಬಹುತೇಕರು 2024ರಿಂದ ವರ್ಷಕ್ಕೆ ತಲಾ 1,035 ಪೌಂಡ್ ಆರೋಗ್ಯ ಸರ್‌ಚಾರ್ಜ್ ಕಟ್ಟುತ್ತಿದ್ದೇವೆ. ಸಂಬಳದಲ್ಲಿ ಕಡಿತವಾಗುವ ತೆರಿಗೆ ಬೇರೆ. ಈ ಹಣದಲ್ಲಿ ಯಾವ ಹೊಸ ಔಷಧಿ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಇಂಗ್ಲೆಂಡಿನಲ್ಲಿ ಹೇಳುವುದು 1999ರಲ್ಲಿ ಶುರುವಾದ ನೈಸ್ ಸಂಸ್ಥೆ. ಅದರ ಅಳತೆಗೋಲಿನ ಹೆಸರು ಕ್ವಾಲಿ, ಅಂದರೆ ಗುಣಮಟ್ಟಕ್ಕೆ ಹೊಂದಿಸಿದ ಜೀವವರ್ಷ.

ಲೆಕ್ಕ ಸುಲಭ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1, ಸಾವಿಗೆ 0. ನೋವಿನಲ್ಲಿ ಕಳೆದ ವರ್ಷಕ್ಕೆ ಇವೆರಡರ ನಡುವಿನ ಒಂದು ಅಂಕ. ಸಾವಿಗಿಂತ ಕೆಟ್ಟದ್ದೆಂದು ಜನ ಹೇಳುವ ಸ್ಥಿತಿಗಳೂ ಇವೆ, ಅವಕ್ಕೆ ಸೊನ್ನೆಗಿಂತ ಕೆಳಗಿನ ಅಂಕ.

ನಾನೇ ಮಾಡಿಕೊಂಡ ಅಂಕಿಗಳಲ್ಲಿ ಹೇಳುತ್ತೇನೆ. ಮಂಡಿ ಸವೆದ ಒಬ್ಬ ತಾಯಿಯ ಬದುಕಿನ ಅಂಕ 0.5. ಆಪರೇಷನ್ ಆದಮೇಲೆ 0.8, ಹತ್ತು ವರ್ಷ. ಅಂದರೆ 3 ಕ್ವಾಲಿ ಲಾಭ. ಖರ್ಚು 9,000 ಪೌಂಡ್ ಆದರೆ ಒಂದು ಕ್ವಾಲಿಗೆ 3,000. ಇನ್ನೊಂದು ಕಡೆ ಒಂದು ಕ್ಯಾನ್ಸರ್ ಔಷಧಿ: ಆರು ತಿಂಗಳು ಹೆಚ್ಚು ಆಯಸ್ಸು, ಅಂಕ 0.6, ಲಾಭ 0.3 ಕ್ವಾಲಿ. ಖರ್ಚು 30,000 ಆದರೆ ಒಂದು ಕ್ವಾಲಿಗೆ ಒಂದು ಲಕ್ಷ ಪೌಂಡ್! ಅದೇ 30,000ದಲ್ಲಿ ಮೂವರು ತಾಯಂದಿರು ಮಂಡಿನೋವಿಲ್ಲದೆ ಮೆಟ್ಟಿಲು ಹತ್ತಬಹುದಿತ್ತು. (ಮುಂದೆ ಸಿಗುವ ಲಾಭವನ್ನು ವರ್ಷಕ್ಕೆ ಶೇ. 3.5ರಂತೆ ಕಡಿತ ಮಾಡುತ್ತಾರೆ, ಅದನ್ನಿಲ್ಲಿ ಬಿಟ್ಟಿದ್ದೇನೆ.)

ಎರಡು ದಶಕಕ್ಕೂ ಹೆಚ್ಚು ಕಾಲ ನೈಸ್‌ನ ಮಿತಿ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಇತ್ತು. ಅದನ್ನು 25,000ದಿಂದ 35,000ಕ್ಕೆ ಏರಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ತೀವ್ರ ಕಾಯಿಲೆಗಳ ಕ್ವಾಲಿಗೆ 2022ರಿಂದ 1.2 ಅಥವಾ 1.7 ಪಟ್ಟು ತೂಕವನ್ನೂ ಕೊಡುತ್ತಿದ್ದಾರೆ. ಮಿತಿ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎನ್ನಬಹುದು. ಬಜೆಟ್ ಅಷ್ಟೇ ಇದ್ದರೆ ಆ ದುಡ್ಡು ಬೇರೆ ಯಾರದೋ ಚಿಕಿತ್ಸೆಯಿಂದಲೇ ಬರಬೇಕು. ಆ 'ಬೇರೆ ಯಾರೋ' ಪತ್ರಿಕೆಯಲ್ಲಿ ಫೋಟೋ ಆಗಿ ಬರುವುದಿಲ್ಲ, ನನಗೆ ಚಿಂತೆ ಅವರದೇ.

ಅಂಕ ಎಲ್ಲಿಂದ ಬರುತ್ತದೆ? ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಅಥವಾ ಖಿನ್ನತೆ ಎಂಬ ಐದು ಪ್ರಶ್ನೆಗಳಿಂದ. 'ಈ ಸ್ಥಿತಿಯಲ್ಲಿ ಹತ್ತು ವರ್ಷ ಬೇಕೋ, ಪೂರ್ಣ ಆರೋಗ್ಯದಲ್ಲಿ ಏಳು ವರ್ಷ ಸಾಕೋ' ಎಂದು ಸಾಮಾನ್ಯ ಜನರನ್ನು ಕೇಳಿ ಅಂಕ ಕಟ್ಟಿದರು. ಎರಡೂ ಸಮ ಎಂದರೆ 0.7. ಬ್ರಿಟನ್ನಿನಲ್ಲಿ 1993ರಲ್ಲಿ ಸುಮಾರು 3,000 ಜನರನ್ನು ಹೀಗೆ ಕೇಳಿದ್ದರು. ನೆಲದ ಮೇಲೆ ಕೂತು ಏಳಲಾಗದೆ ರಂಗೋಲಿ ಬಿಟ್ಟ ಅಜ್ಜಿಯ ಕಷ್ಟಕ್ಕೆ ಅಲ್ಲಿ ಪ್ರತ್ಯೇಕ ಪ್ರಶ್ನೆಯಿಲ್ಲ. 'ದಿನನಿತ್ಯದ ಕೆಲಸ' ಎಂಬಲ್ಲಿ ಅವರೇ ಬಾಯಿಬಿಟ್ಟು ಹೇಳಬೇಕು. ನಮ್ಮವರೋ, ಏನು ಕೇಳಿದರೂ "ಪರವಾಗಿಲ್ಲಪ್ಪಾ" ಎನ್ನುವ ಜನ. ಸೊಂಟ, ಮಂಡಿ ಬದಲಿಸುವ ಆಪರೇಷನ್‌ಗೆ ಮೊದಲೂ ನಂತರವೂ ಇದೇ ಪ್ರಶ್ನಾವಳಿಯನ್ನು ಎನ್‌ಎಚ್‌ಎಸ್ 2009ರಿಂದ ಕೊಡುತ್ತಿದೆ. ಮನೆಯ ಹಿರಿಯರ ಪರವಾಗಿ ಅನುವಾದ ಮಾಡುವವರು ಆ 'ಪರವಾಗಿಲ್ಲ'ವನ್ನು ಹಾಗೇ ಟಿಕ್ ಮಾಡಬೇಡಿ, ಇನ್ನೊಮ್ಮೆ ಕೇಳಿ.

ಲೆಕ್ಕದ ಹೊರಗೆ ಉಳಿಯುವುದೂ ಇದೆ. ಪತ್ನಿಯನ್ನು ನೋಡಿಕೊಳ್ಳಲು ಶಿಫ್ಟ್ ಬಿಟ್ಟವರ ಕಳೆದುಹೋದ ಸಂಬಳ ನೈಸ್‌ನ ಮೂಲ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿ ಎಣಿಸುವುದು ಎನ್‌ಎಚ್‌ಎಸ್ ಮತ್ತು ಸಾಮಾಜಿಕ ಆರೈಕೆಯ ಖರ್ಚನ್ನು. ದಿನಗೂಲಿಯವರಿಗೆ ಇದು ಸಣ್ಣ ಲೋಪವಲ್ಲ.

ನಮ್ಮೂರಿನಲ್ಲಿ ಜೇಬಿನ ಖರ್ಚೇ ದೊಡ್ಡ ಪ್ರಶ್ನೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಉತ್ತರ ಕರ್ನಾಟಕದ ಬಿಪಿಎಲ್ ಕುಟುಂಬಗಳಿಗೆ ಬಂತು. ಗಡಿಯ ಈಚೆ ಯೋಜನೆ ಇದ್ದ ಹಳ್ಳಿಗಳನ್ನೂ ಆಚೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬಿಎಂಜೆಯಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸತ್ತವರು ಬಡ ಕುಟುಂಬಗಳಲ್ಲಿ ಒಂದು ಕಡೆ ಶೇ. 0.32, ಇನ್ನೊಂದು ಕಡೆ ಶೇ. 0.90. ಅಲ್ಲಿ ಎಣಿಸಿದ್ದು ಸಾವುಗಳನ್ನು. ಬದುಕಿ ಉಳಿದವರು ಹೇಗೆ ಬದುಕಿದರು ಎಂದು ಕೇಳಲು ಕ್ವಾಲಿ ಬೇಕಾಗುತ್ತದೆ. ಆ ಕೆಲಸಕ್ಕೆ ಭಾರತದಲ್ಲೂ 2017ರಿಂದ ಒಂದು ಸರ್ಕಾರಿ ವ್ಯವಸ್ಥೆ ಇದೆ.

ಈಗ ನಿಮ್ಮ ಪ್ರಶ್ನೆಗಳು. ಮನೆಯಲ್ಲಿ ಔಷಧಿ ನಿರಾಕರಣೆ ಕಂಡವರು ಇದ್ದರೆ ಮೊದಲು ಅವರೇ ಕೇಳಲಿ.