ನಿಮಗಿದು ಗೊತ್ತೇ? ಪೊಲೀಸ್ ಡ್ರೋನ್‌ಗೂ ಉಂಟು ಲಗಾಮು

ಜಾತ್ರೆ, ಮೆರವಣಿಗೆ, ಪ್ರತಿಭಟನೆ ಎಲ್ಲೇ ನಡೆಯಲಿ, ತಲೆಯ ಮೇಲೆ ಪೊಲೀಸರ ಡ್ರೋನ್ ಗುಂಯ್‌ಗುಡುವುದು ಈಗ ಮಾಮೂಲು. ಅದು ಎಷ್ಟು ಎತ್ತರ ಹಾರಬೇಕು, ಏನನ್ನು ನೋಡಬಹುದು, ಏನನ್ನು ನೋಡಬಾರದು? ಕಾನೂನು ಹೇಳುವುದು ಹೀಗೆ:

• ಆಕಾಶದ ಮೇಲೆ ಯಾರ ಹಕ್ಕು ಎಂಬ ವ್ಯಾಜ್ಯ ಶುರುವಾದದ್ದು ಕೋಳಿಗಳಿಂದ! ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಒಂದು ಕೋಳಿ ಫಾರಂ ಮೇಲೆ ಬರೀ 83 ಅಡಿ ಎತ್ತರದಲ್ಲಿ ಸೇನಾ ವಿಮಾನಗಳು ಹಾರುತ್ತಿದ್ದವು. ಸದ್ದಿಗೆ ಬೆದರಿ, ಗೋಡೆಗೆ ಬಡಿದುಕೊಂಡು ಸುಮಾರು 150 ಕೋಳಿಗಳು ಸತ್ತವು. ಜಮೀನಿಗೆ ಅಂಟಿಕೊಂಡಂತಿರುವ ಆಕಾಶದ ಮೇಲೆ ಮಾಲೀಕನಿಗೂ ಹಕ್ಕಿದೆ, ಸರ್ಕಾರ ಪರಿಹಾರ ಕೊಡಬೇಕು ಎಂದು 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

• ಹಿತ್ತಲಿಗೆ 10 ಅಡಿ ಬೇಲಿ ಹಾಕಿದರೂ ಆಕಾಶದಿಂದ ಮರೆಯಿಲ್ಲ. ಬೇಲಿಯೊಳಗಿನ ಗಾಂಜಾ ಗಿಡಗಳನ್ನು ಪೊಲೀಸರು 1,000 ಅಡಿ ಎತ್ತರದ ವಿಮಾನದಿಂದ ಕಂಡರೆ ಅದಕ್ಕೆ ವಾರಂಟ್ ಬೇಡ ಎಂದು 1986ರಲ್ಲಿ ಅದೇ ಕೋರ್ಟ್ ತೀರ್ಪಿತ್ತಿತು. 1989ರಲ್ಲಿ 400 ಅಡಿ ಎತ್ತರದ ಹೆಲಿಕಾಪ್ಟರ್‌ಗೂ ಅದೇ ಮಾತು.

• 2001ರಲ್ಲಿ ಗಾಳಿ ತಿರುಗಿತು. ಮನೆಯೊಳಗಿನ ಶಾಖವನ್ನು ಹೊರಗಿನಿಂದಲೇ ಅಳೆಯುವ ಥರ್ಮಲ್ ಉಪಕರಣವನ್ನು ವಾರಂಟ್ ಇಲ್ಲದೆ ಬಳಸುವಂತಿಲ್ಲ, ಅದು ಸಾಮಾನ್ಯ ಜನರ ಬಳಕೆಯಲ್ಲಿರುವ ವಸ್ತುವಲ್ಲ ಎಂದಿತು ಕೋರ್ಟ್. ಮದುವೆ ಮಂಟಪಕ್ಕೂ ಡ್ರೋನ್ ಬಂದಿರುವ ಈ ಕಾಲದಲ್ಲಿ ಈ ತರ್ಕ ಎಷ್ಟು ದಿನ ನಿಂತೀತು?

• ಅಮೆರಿಕದ ಅಲಾಸ್ಕಾ ರಾಜ್ಯದ ಸುಪ್ರೀಂ ಕೋರ್ಟ್ 2024ರಲ್ಲಿ ಇನ್ನೂ ಬಿಗಿ ಮಾಡಿತು. ವಿಮಾನದಲ್ಲಿ ಕೂತು ಜೂಮ್ ಲೆನ್ಸ್ ಹಾಕಿ ಮನೆಯಂಗಳ ಇಣುಕುವುದಕ್ಕೂ ವಾರಂಟ್ ಬೇಕು!

• ಫ್ಲಾರಿಡಾದಲ್ಲಿ 2013ರಿಂದಲೇ ಕಾಯ್ದೆಯಿದೆ. ಡ್ರೋನ್‌ನಿಂದ ಸಾಕ್ಷ್ಯ ಕಲೆಹಾಕಲು ಪೊಲೀಸರಿಗೆ ವಾರಂಟ್ ಬೇಕು. ನಿಯಮ ಮೀರಿ ಕಲೆಹಾಕಿದ್ದು ಕ್ರಿಮಿನಲ್ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಪ್ರಾಣಾಪಾಯ, ಕಾಣೆಯಾದವರ ಹುಡುಕಾಟದಂಥ ಸಂದರ್ಭಗಳಿಗೆ ವಿನಾಯಿತಿಯುಂಟು. 50 ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿದ ಕಡೆಗೂ 2021ರಲ್ಲಿ ವಿನಾಯಿತಿ ಸಿಕ್ಕಿತು.

• ಉತ್ತರ ಡಕೋಟಾದ ಕಥೆಯೇ ಬೇರೆ. ಪೊಲೀಸ್ ಡ್ರೋನ್‌ಗೆ ಯಾವ ಆಯುಧವೂ ಬೇಡ ಎಂದು ಹೊರಟ ಮಸೂದೆ, 2015ರಲ್ಲಿ ಕಾಯ್ದೆಯಾಗಿ ಹೊರಬರುವಷ್ಟರಲ್ಲಿ ‘ಮಾರಕ ಆಯುಧ ಬೇಡ’ ಎಂದಷ್ಟೇ ಉಳಿದಿತ್ತು.

• ಫ್ರಾನ್ಸ್‌ನಲ್ಲಿ ಸರ್ಕಾರವೇ ಪದೇಪದೇ ಸೋತಿದೆ. 2020ರ ಲಾಕ್‌ಡೌನ್ ವೇಳೆ ಪ್ಯಾರಿಸ್ ಪೊಲೀಸರು ಡ್ರೋನ್ ಹಾರಿಸಿದರು. “80ರಿಂದ 100 ಮೀಟರ್ ಎತ್ತರದಲ್ಲೇ ಹಾರಿಸುತ್ತೇವೆ, ಜೂಮ್ ಬಳಸುವುದಿಲ್ಲ, ಮೆಮೊರಿ ಕಾರ್ಡೂ ಇಲ್ಲ, ಯಾರನ್ನೂ ಗುರುತಿಸುವುದಿಲ್ಲ” ಎಂಬುದು ಅವರ ವಾದದ ಸಾರ. ಆಡಳಿತ ವ್ಯಾಜ್ಯಗಳ ಅತ್ಯುನ್ನತ ಪೀಠ ಒಪ್ಪಲಿಲ್ಲ. ಜೂಮ್ ಇದೆ, ಕೆಳಗಿಳಿಯುವ ಸಾಮರ್ಥ್ಯವೂ ಇದೆ, ಆದ್ದರಿಂದ ಮುಖ ಗುರುತಿಸಲು ಸಾಧ್ಯ ಎಂದು ಮೇ 18ರಂದು ತಡೆ ಹಾಕಿತು. ಪೊಲೀಸರು ಚಿತ್ರ ಮಸುಕು ಮಾಡುವ ಸಾಫ್ಟ್‌ವೇರ್ ಹಿಡಿದು ಬಂದರು. ಡಿಸೆಂಬರ್‌ನಲ್ಲಿ ಅದಕ್ಕೂ ಮಣೆ ಸಿಗಲಿಲ್ಲ. 2021ರಲ್ಲಿ ಸರ್ಕಾರ ತಂದ ಕಾಯ್ದೆಯ ಡ್ರೋನ್ ಕಲಮುಗಳನ್ನು ಸಾಂವಿಧಾನಿಕ ಮಂಡಳಿ ಹೊಡೆದುಹಾಕಿತು. ಕೊನೆಗೆ ಬಂದದ್ದು 2022ರ ಕಾಯ್ದೆ: ಮುಖಚಹರೆ ಗುರುತಿಸುವ ತಂತ್ರ ನಿಷಿದ್ಧ, ಧ್ವನಿ ಮುದ್ರಣ ನಿಷಿದ್ಧ, ಮನೆಯೊಳಗಿನ ಚಿತ್ರಕ್ಕೆ ಗುರಿಯಿಡುವಂತಿಲ್ಲ.

• ನಮ್ಮಲ್ಲಿ 2021ರ ಡ್ರೋನ್ ನಿಯಮಗಳಿಂದ ಪೂರ್ತಿ ಹೊರಗಿರುವುದು ಭೂಸೇನೆ, ನೌಕಾಪಡೆ, ವಾಯುಪಡೆ ಮಾತ್ರ. ಪೊಲೀಸರ ಹೆಸರು ಆ ಸಾಲಿನಲ್ಲಿಲ್ಲ. ಆದರೆ ತುರ್ತಿದ್ದರೆ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಜಾಗವನ್ನು ಒಮ್ಮೆಗೆ 96 ಗಂಟೆಯವರೆಗೆ ‘ಕೆಂಪು ವಲಯ’ ಎಂದು ಸಾರಿ ಇತರರ ಡ್ರೋನ್ ನಿಲ್ಲಿಸಬಹುದು.

• 2024ರ ಫೆಬ್ರುವರಿಯಲ್ಲಿ ಪಂಜಾಬ್-ಹರಿಯಾಣ ಗಡಿಯ ಶಂಭುವಿನಲ್ಲಿ ರೈತರ ಮೇಲೆ ಹರಿಯಾಣ ಪೊಲೀಸರು ಡ್ರೋನ್‌ನಿಂದ ಅಶ್ರುವಾಯು ಶೆಲ್ ಉದುರಿಸಿದರು. ರೈತರು ಗಾಳಿಪಟ ಬಿಟ್ಟು, ದಾರಕ್ಕೆ ಡ್ರೋನ್ ಸಿಕ್ಕಿಸಲು ನೋಡಿದರು! ನಮ್ಮ ಗಡಿಯೊಳಗೆ ನಿಮ್ಮ ಡ್ರೋನ್ ಕಳಿಸಬೇಡಿ ಎಂದು ಪಂಜಾಬಿನ ಅಧಿಕಾರಿಗಳು ತಕರಾರು ತೆಗೆದರು.

• ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ನಮ್ಮ ಸುಪ್ರೀಂ ಕೋರ್ಟಿನ 2017ರ ತೀರ್ಪಿನ ಹಿಂದೆ ಇದ್ದವರು ಕನ್ನಡಿಗರು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅವರು ಹೂಡಿದ ಮೊಕದ್ದಮೆ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. ಆ ತೀರ್ಪಿನ ಪ್ರಕಾರ, ಸರ್ಕಾರ ಖಾಸಗಿತನಕ್ಕೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕ್ರಮ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು.

• ಪೊಲೀಸ್ ಡ್ರೋನ್ ಕಣ್ಗಾವಲಿಗೆಂದೇ ಸಂಸತ್ತು ಇನ್ನೂ ಪ್ರತ್ಯೇಕ ಕಾಯ್ದೆ ಮಾಡಿಲ್ಲ. 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರದ ಕೈಗೇ ಇಟ್ಟಿದೆ. ಪುಟ್ಟಸ್ವಾಮಿ ತೀರ್ಪಿನ ಮೊದಲ ಪರೀಕ್ಷೆಯೇ ‘ಯಾವ ಕಾನೂನಿನಡಿ?’ ಎಂಬುದು. ಪೊಲೀಸ್ ಡ್ರೋನ್ ಕಂಡಾಗ ನೀವೂ ಕೇಳಬಹುದಾದ ಪ್ರಶ್ನೆಯಿದು.